ಮನೆಯಲ್ಲಿ ಯಾಕೆ ಹೆತ್ತೆ ಅಂತ ಕೇಳುವವರಿಗೆ

ನನ್ನ ಮೊದಲನೇ ಮಗು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಎರಡನೆಯದು ಮನೆಯಲ್ಲಿ, ಬೇಕು ಅಂತಲೇ. ಇಷ್ಟು ಹೇಳಿದರೆ ಸಾಕು, ಪ್ರಶ್ನೆ ಶುರು. "ಆಸ್ಪತ್ರೆ ಬಿಟ್ಟು ಮನೆಯಲ್ಲಿ ಯಾಕೆ?" ಮೊದಮೊದಲು ಸಮಾಧಾನದಿಂದ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಉತ್ತರ ಇಲ್ಲಿ ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಕೇಳುವವರಲ್ಲಿ ಎರಡು ಬಗೆ. ಒಂದು, ನನ್ನನ್ನು ತಲೆಕೆಟ್ಟವಳು ಅಂದುಕೊಂಡವರು. ಇನ್ನೊಂದು, ನನ್ನನ್ನು ವೀರನಾರಿ ಮಾಡಿಬಿಟ್ಟವರು. ನಿಜ ಹೇಳಬೇಕೆಂದರೆ ಎರಡನೆಯವರ ಮೇಲೆಯೇ ನನಗೆ ಸಿಟ್ಟು ಜಾಸ್ತಿ. "ಎಷ್ಟು ಧೈರ್ಯ ನಿಮಗೆ! ನಾನೂ ಹಾಗೇ ಮಾಡ್ತೀನಿ" ಅನ್ನುತ್ತಾರೆ. ಎಷ್ಟನೇ ಮಗು ಅಂತ ಕೇಳಿದರೆ, ಮೊದಲನೆಯದು.

ಬೇಡ. ದಯವಿಟ್ಟು ನನ್ನನ್ನು ಉದಾಹರಣೆಗೆ ಇಟ್ಟುಕೊಳ್ಳಬೇಡಿ. 2011ರಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನ ಹೊರಬಂತು. ಹೆಚ್ಚು ತೊಂದರೆಯ ಸೂಚನೆ ಇಲ್ಲದ ಸುಮಾರು 64 ಸಾವಿರ ಹೆಂಗಸರ ಹೆರಿಗೆಗಳನ್ನು ಅದರಲ್ಲಿ ನೋಡಿದ್ದರು. ಎರಡನೇ ಅಥವಾ ಆಮೇಲಿನ ಹೆರಿಗೆಯಾದರೆ, ಮನೆಯಲ್ಲಿ ಅಂತ ಹೊರಟವರ ಮಕ್ಕಳಿಗೂ ಡಾಕ್ಟರ್ ಇರುವ ಆಸ್ಪತ್ರೆಗೆ ಹೊರಟವರ ಮಕ್ಕಳಿಗೂ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲನೇ ಹೆರಿಗೆಯ ಕಥೆ ಬೇರೆ. ಮಗು ತೀರಿಕೊಂಡ ಅಥವಾ ಮಗುವಿಗೆ ದೊಡ್ಡ ಪೆಟ್ಟಾದ ಪ್ರಕರಣಗಳು ಆಸ್ಪತ್ರೆ ಅಂದುಕೊಂಡವರಲ್ಲಿ ಸಾವಿರಕ್ಕೆ 5.3 ಇದ್ದರೆ, ಮನೆ ಅಂದುಕೊಂಡವರಲ್ಲಿ 9.3. ಮೊದಲ ಸಲ ಮನೆಯಲ್ಲಿ ಶುರು ಮಾಡಿದವರಲ್ಲಿ ನೂರಕ್ಕೆ 45 ಜನರನ್ನು ಹೆರಿಗೆಯ ನಡುವೆ ಇಲ್ಲವೇ ಹೆತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೆತ್ತು ಅನುಭವ ಇದ್ದವರಲ್ಲಿ ನೂರಕ್ಕೆ 12. ಅದೂ ಎಲ್ಲಿ? ಹೆರಿಗೆ ಮಾಡಿಸಲು ತರಬೇತಿ ಪಡೆದ ಮಿಡ್‌ವೈಫ್ ಮನೆಗೇ ಬರುವ, ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ವ್ಯವಸ್ಥೆಯಲ್ಲಿ. ಅದಿಲ್ಲದ ಕಡೆ ಈ ಲೆಕ್ಕ ಹೇಳಿ ಧೈರ್ಯ ತಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ಮೊದಲ ಬಗೆಯವರು. ಅವರದು ಒಂದೇ ಮಾತು: "ಏನಾದ್ರೂ ಆಗಿದ್ದರೆ?"

ಒಮ್ಮೆ ಆಫೀಸಿನ ಲಿಫ್ಟಿನಲ್ಲಿ, ತುಂಬಿದ ಜನರ ಮಧ್ಯೆ, ಬೇರೆ ವಿಭಾಗದವರೊಬ್ಬರು ಇದನ್ನು ಕೇಳಿದರು. ಅವತ್ತಿನವರೆಗೆ ನಮ್ಮಿಬ್ಬರಿಗೆ ಮಾತೇ ಇರಲಿಲ್ಲ. "ನೀವೇ ಅಲ್ವಾ ಮನೆಯಲ್ಲಿ ಡೆಲಿವರಿ ಮಾಡ್ಕೊಂಡವರು? ಏನಾದ್ರೂ ಆಗಿದ್ದರೆ?" ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬರು ಮಧ್ಯೆ ಬಾಯಿ ಹಾಕಿ, "ಬಿಸಿನೀರು ಯಾರು ಕಾಯಿಸಿದ್ರು?" ಅಂದರು. ಸಿನಿಮಾದಲ್ಲಿ ಎಲ್ಲರೂ ಬಿಸಿನೀರಿಗೆ ಓಡುತ್ತಾರಲ್ಲ, ಅದು. ಬಿಸಿನೀರು ಇತ್ತು ಸ್ವಾಮಿ. ಆಮೇಲೆ ಅದರಲ್ಲಿ ನಾನು ಸ್ನಾನ ಮಾಡಿದೆ.

ಲಿಫ್ಟಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನನಗೆ ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಒಂದೇ ಮಗು, ತಲೆ ಕೆಳಗಿತ್ತು. ಮಾಸು ಇರಬೇಕಾದ ಜಾಗದಲ್ಲೇ ಇತ್ತು. ಮೊದಲನೆಯದು ಸಿಸೇರಿಯನ್ ಅಲ್ಲ. ಇದರಲ್ಲಿ ಒಂದು ತಪ್ಪಿದ್ದರೂ ನಾನು ಸುಮ್ನೆ ಆಸ್ಪತ್ರೆಗೆ ಹೋಗುತ್ತಿದ್ದೆ. ಬಂದಿದ್ದ ಮಿಡ್‌ವೈಫ್ ಚೀಲದಲ್ಲಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು. ಮಗು ಉಸಿರಾಡದಿದ್ದರೆ ಗಾಳಿ ಕೊಡುವ ಮಾಸ್ಕ್ ಇತ್ತು. ಆಸ್ಪತ್ರೆ ಹತ್ತಿರದಲ್ಲಿತ್ತು. ಹೊರಗೆ ಕಾರು ರೆಡಿ ಇತ್ತು.

ಇಷ್ಟಾದರೂ ಏನಾದರೂ ಆಗಬಹುದಿತ್ತಾ? ಆಗಬಹುದಿತ್ತು. ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಹೊರಗೆ ಬಂದರೆ, ಮಾಸು ಮೊದಲೇ ಬಿಟ್ಟುಕೊಂಡರೆ, ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುವುದಕ್ಕೂ ಹತ್ತಿರದಲ್ಲಿ ಇರುವುದಕ್ಕೂ ತುಂಬಾ ವ್ಯತ್ಯಾಸವಿದೆ. ಅದು ಗೊತ್ತಿದ್ದೇ ನಿರ್ಧಾರ ಮಾಡಿದೆ. ಗೊತ್ತಿಲ್ಲದೆ ಮಾಡಿದೆ ಅಂದುಕೊಂಡು ನನಗೆ ಪಾಠ ಹೇಳಲು ಬರುತ್ತಾರಲ್ಲ, ಅದಕ್ಕೆ ನನ್ನ ಸಿಟ್ಟು.

ಇನ್ನೊಂದು ವಿಷಯ. ಇವರಲ್ಲಿ ಒಬ್ಬರೂ ನನ್ನ ಮೊದಲನೇ ಹೆರಿಗೆ ಬಗ್ಗೆ ಕೇಳುವುದಿಲ್ಲ. ಆಸ್ಪತ್ರೆ ಅಂದಮೇಲೆ ಅಲ್ಲಿ ಏನೂ ಆಗಿರುವುದಿಲ್ಲ ಅಂತ ಅವರ ಲೆಕ್ಕ. "ಮತ್ತೆ ಅಲ್ಲಿಗೆ ಹೋಗೋಕೆ ಯಾಕೆ ಮನಸ್ಸಾಗಲಿಲ್ಲ?" ಅಂತ ಯಾರಾದರೂ ಕೇಳಿದರೆ ಕೂರಿಸಿಕೊಂಡು ಹೇಳುತ್ತೇನೆ.

ಒಳಗೆ ಹೋದ ತಕ್ಷಣ ಅಮ್ಮನನ್ನು ಹೊರಗೆ ಕಳಿಸಿದರು. ಡ್ಯೂಟಿ ಬದಲಾದಾಗಲೆಲ್ಲ ಹೊಸಬರು ಬಂದು ಒಳಗೆ ಕೈ ಹಾಕಿ ನೋಡಿದರು. ಹೆಸರು ಹೇಳಲಿಲ್ಲ, ಕೇಳಲೂ ಇಲ್ಲ. ಎದ್ದು ಓಡಾಡುತ್ತೇನೆ ಅಂದರೆ ಬೈದು ಅಂಗಾತ ಮಲಗಿಸಿದರು. ಕೂಗಿದರೆ ಗದರಿದರು. ಕೊನೆಗೆ ಒಬ್ಬರು ಮೊಣಕೈ ಊರಿ ಹೊಟ್ಟೆ ಒತ್ತಿದರು. ಮಗು ಹೊರಬರುವ ದಾರಿಯನ್ನು ಕೊಯ್ದಿದ್ದು ಹೊಲಿಗೆ ಹಾಕುವಾಗ ಗೊತ್ತಾಯಿತು. ಮಗು ಚೆನ್ನಾಗಿತ್ತು, ಹಾಗಾಗಿ ಎಲ್ಲರ ಪ್ರಕಾರ ಎಲ್ಲವೂ ಚೆನ್ನಾಗಿತ್ತು.

ಇದು ನನ್ನೊಬ್ಬಳ ನಾಜೂಕು ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಬಗ್ಗೆ ಸಲಹೆಗಳನ್ನು ಕೊಟ್ಟಿತು. ಬಸುರಿಗೆ ಬೇಕಾದವರೊಬ್ಬರು ಜೊತೆಗಿರಲಿ. ತೊಂದರೆ ಇಲ್ಲದಿದ್ದರೆ ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಓಡಾಡಲು ಬಿಡಿ. ಹೊಟ್ಟೆ ಒತ್ತಬೇಡಿ. ಎಲ್ಲರಿಗೂ ರೂಢಿಯಂತೆ ಕೊಯ್ಯಬೇಡಿ. ಜೊತೆಗೆ ಒಬ್ಬರು ಬಿಡದೆ ಇದ್ದರೆ ಸಿಸೇರಿಯನ್‌ಗಳೇ ಕಡಿಮೆಯಾಗುತ್ತವೆ ಅನ್ನುವುದನ್ನು ಅಧ್ಯಯನಗಳು ತೋರಿಸಿವೆ. ಅಮ್ಮನನ್ನು ಒಳಗೆ ಬಿಡಲು ಯಾವ ಮಷೀನು ಬೇಕಿತ್ತು?

ಹೆಂಗಸರು ಹೆದರಿ ಆಸ್ಪತ್ರೆ ತಪ್ಪಿಸಿಕೊಳ್ಳುವುದೂ ಹೊಸದಲ್ಲ. 1840ರ ದಶಕದ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದು ಡಾಕ್ಟರುಗಳದ್ದು, ಒಂದು ಸೂಲಗಿತ್ತಿಯರದ್ದು. ಡಾಕ್ಟರುಗಳ ವಾರ್ಡಿಗೆ ಹಾಕಬೇಡಿ ಅಂತ ಬಸುರಿಯರು ಗೋಗರೆಯುತ್ತಿದ್ದರು. ಅಲ್ಲಿ ಬಾಣಂತಿಜ್ವರದಿಂದ ಸಾಯುವವರು ಜಾಸ್ತಿ ಇದ್ದರು. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದರು ಅನ್ನುವುದನ್ನು ಹಿಡಿದು, 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಬಸುರಿಯರ ಹೆದರಿಕೆ ಬರೀ ಭ್ರಮೆ ಆಗಿರಲಿಲ್ಲ.

ಹಾಗಂತ ನಾನು ಆಸ್ಪತ್ರೆಯ ಶತ್ರು ಅಲ್ಲ. ಆಕ್ಸಿಟೋಸಿನ್, ರಕ್ತ, ಅರಿವಳಿಕೆ, ಸಿಸೇರಿಯನ್ ಎಷ್ಟು ಜೀವ ಉಳಿಸಿವೆ ಅಂತ ನನಗೂ ಗೊತ್ತು. ಅಮ್ಮ ಪಕ್ಕದಲ್ಲಿರಲು ಬಿಟ್ಟು, ಮುಟ್ಟುವ ಮೊದಲು ಒಂದು ಮಾತು ಕೇಳುವ ಆಸ್ಪತ್ರೆ ಸಿಕ್ಕಿದ್ದರೆ ಎರಡನೆಯದಕ್ಕೂ ಅಲ್ಲಿಗೇ ಹೋಗುತ್ತಿದ್ದೆ. ಥಿಯೇಟರ್ ಪಕ್ಕದಲ್ಲೇ ಇರುವುದು ಯಾರಿಗೆ ಬೇಡ?

ಈಗ ನನ್ನ ತಂಗಿ ಬಸುರಿ. ಮೊದಲನೆಯದು. ನಾನು ಅವಳ ತಲೆ ಕೆಡಿಸುತ್ತೇನೆ ಅಂತ ಮನೆಯವರೆಲ್ಲ ಕಾವಲು ಕೂತಿದ್ದರು. ನಾನು ಅವಳಿಗೆ ಆಸ್ಪತ್ರೆಗೇ ಹೋಗು ಅಂದೆ. ಆದರೆ ಹೆಸರು ಬರೆಸುವ ಮೊದಲು ಕೇಳು ಅಂತ ಪ್ರಶ್ನೆಗಳ ಚೀಟಿ ಬರೆದುಕೊಟ್ಟೆ. ಜೊತೆಗೆ ಒಬ್ಬರನ್ನು ಬಿಡುತ್ತೀರಾ, ಓಡಾಡಬಹುದಾ, ಕೊಯ್ಯುವ ಮೊದಲು ಹೇಳುತ್ತೀರಾ, ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರು ಇರುತ್ತಾರಾ. ಮೊದಲ ಆಸ್ಪತ್ರೆಯಲ್ಲಿ, "ಅದೆಲ್ಲ ಟೈಮ್ ಬಂದಾಗ ನೋಡೋಣಮ್ಮ" ಅಂದರಂತೆ. ಅವಳು ಫೈಲ್ ಎತ್ತಿಕೊಂಡು ಬಂದಿದ್ದಾಳೆ. ಸೋಮವಾರ ಇನ್ನೊಂದಕ್ಕೆ ಹೋಗಬೇಕು.