ಒಂದೇ ಬೆರಳು

ಶನಿವಾರದಿಂದ ಇದೇ ತಲೇಲಿ ಕೂತಿದೆ. ಸೋಮವಾರಪೇಟೆ ಹತ್ರ ದೊಡ್ಡಮ್ಮನ ಮನೇಲಿದ್ದೆ, ಬೆಳಗ್ಗಿಂದ ಬಿಡದೆ ಮಳೆ, ಕರೆಂಟು ಹಿಂದಿನ ದಿನಾನೇ ಹೋಗಿತ್ತು, ಜಗಲೀಲಿ ಕೂತು ಫೋನಲ್ಲಿ ಸೇವ್ ಮಾಡಿಟ್ಟಿದ್ದ ಅಮೆರಿಕದ ಪೇಂಟರ್ ಎಡ್ವರ್ಡ್ ಹಾಪರ್ ಬರೆದ ಪೇಂಟಿಂಗ್ ನೋಡ್ತಿದ್ದೆ. 1932ರ 'ರೂಮ್ ಇನ್ ನ್ಯೂಯಾರ್ಕ್'. ನಾವು ಕಿಟಕಿ ಆಚೆ ನಿಂತು ಇಣುಕ್ತಿರೋ ಹಾಗಿದೆ. ಗಂಡ ಬಗ್ಗಿ ಪೇಪರ್ ಓದ್ತಿದಾನೆ, ಕೆಂಪು ಬಟ್ಟೆ ಹಾಕಿರೋ ಹೆಂಡ್ತಿ ಪಿಯಾನೋ ಕಡೆ ತಿರುಗಿ ಒಂದು ಬೆರಳು ಇಟ್ಟಿದಾಳೆ, ನಡುವೆ ದುಂಡು ಟೇಬಲ್ಲು, ಹಿಂದೆ ಮುಚ್ಚಿದ ಬಾಗಿಲು. ಇಬ್ಬರ ಮುಖಾನೂ ಸರಿಯಾಗಿ ಕಾಣಲ್ಲ.

ಕಾಫಿ ತಂದ ದೊಡ್ಡಮ್ಮ ಬಗ್ಗಿ ನೋಡಿ, "ಇವಳು ನುಡಿಸ್ತಿಲ್ಲ ಕಣೇ" ಅಂದ್ರು.

"ಮತ್ತೆ?"

"ಸದ್ದು ಮಾಡಿದ್ರಾದ್ರೂ ತಲೆ ಎತ್ತುತಾನಾ ಅಂತ ನೋಡ್ತಿದಾಳೆ."

ಅಷ್ಟು ಹೇಳಿ ಒಳಗೆ ಹೋದ್ರು. ಹಾಪರ್ ಬಗ್ಗೆ ಒಂದಷ್ಟು ಓದಿದೀನಿ, 1942ರ ಅವನ ಇನ್ನೊಂದು ಪೇಂಟಿಂಗ್ 'ನೈಟ್‌ಹಾಕ್ಸ್'ನಲ್ಲಿ ಕೂತಿರೋ ಒಂದು ಜೋಡಿಯ ಕೈಗಳು ಹತ್ತಿರ ಇದ್ದೂ ಮುಟ್ಟಿದಹಾಗೆ ಕಾಣಲ್ಲ ಅನ್ನೋದೆಲ್ಲ ಗಮನಿಸಿದೀನಿ, ಆದ್ರೆ ಆ ಬೆರಳನ್ನ ಹೀಗೆ ಯಾವತ್ತೂ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೇಲಿ ಪಾತ್ರೆ ಮುಚ್ಚಳ ಬಿತ್ತು. ದೊಡ್ಡಪ್ಪ ಬೆಳಕಿಗೆ ಅಂತ ಕಿಟಕಿ ಪಕ್ಕ ಕೂತು ಶಕ್ತಿ ಪೇಪರ್ ಓದ್ತಿದ್ರು, ಪುಟ ತಿರುಗಿಸಿದ್ರು. ಆಮೇಲೆ ಲೋಟ ಕುಕ್ಕಿದ ಸದ್ದು. ಇನ್ನೊಂದು ಪುಟ. ಈ ಸದ್ದು ಬೆಳಗ್ಗಿಂದ ಕೇಳ್ತಾನೇ ಇದ್ದೆ, ವಯಸ್ಸಾಯ್ತು ಕೈ ನಡುಗುತ್ತೆ ಅಂದ್ಕೊಂಡಿದ್ದೆ.

ದೊಡ್ಡಪ್ಪ ಕೆಟ್ಟವರಲ್ಲ. ಮೆಣಸಿನ ಬಳ್ಳೀಲಿ ನಾಲ್ಕು ಎಲೆ ಹಳದಿ ಆದ್ರೂ ದೂರದಿಂದ್ಲೇ ಕಂಡುಹಿಡೀತಾರೆ. ಆ ಕಣ್ಣು ಮನೆಯೊಳಗೆ ಯಾಕೆ ಬರಲ್ಲ ಅಂತ ನಂಗೆ ನಿಜವಾಗ್ಲೂ ಸಿಟ್ಟಿದೆ. ಹಾಪರ್ 1924ರಲ್ಲಿ ಮದುವೆ ಆದ ಜೋ ಕೂಡ ಪೇಂಟರೇ, ಆಮೇಲೆ ಅವನ ಚಿತ್ರಗಳ ಹೆಂಗಸರಿಗೆ ಹೆಚ್ಚುಕಮ್ಮಿ ಅವಳೇ ಮಾಡೆಲ್, ಅವರಿಬ್ಬರ ಸಂಸಾರದಲ್ಲಿ ಜಗಳಕ್ಕೇನೂ ಕಮ್ಮಿ ಇರಲಿಲ್ಲ, ಆದ್ರೂ ಮಾತಿಲ್ಲದ ಹೆಂಗಸಿನ ಬೆನ್ನು, ಕತ್ತು, ಬೆರಳು ಇಷ್ಟು ಹೊತ್ತು ನೋಡಿ ಬರೆದ ಮನುಷ್ಯ ಅವನು. ಬರೆಯೋಕೆ ಅಂತಾನಾದ್ರೂ ನೋಡಿದ್ನಲ್ಲ. ದೊಡ್ಡಮ್ಮನ ಬೆನ್ನನ್ನ ಯಾರು ನೋಡಿದಾರೆ? ನಾನೂ ಇಷ್ಟು ವರ್ಷ ಅಲ್ಲಿಗೆ ಹೋಗಿ ಕಾಫಿ ಕುಡಿದು ಬಂದಿದೀನಿ ಅಷ್ಟೇ.

ಮೂರನೇ ಸಲ ಮುಚ್ಚಳ ಬಿದ್ದಾಗ ಎದ್ದು ಹೋದೆ. ಒಲೆ ಕಡೆ ಮುಖ ಮಾಡಿ ನಿಂತಿದ್ದವರು ಹೆಜ್ಜೆ ಸದ್ದಿಗೆ ಥಟ್ಟಂತ ತಿರುಗಿದ್ರು.

"ಓ, ನೀನಾ" ಅಂದ್ರು.