ಖಂಡದ ನಡುವಿನ ನಿಲ್ದಾಣ

ಚಿಕಾಗೋದಿಂದ ಸಿಯಾಟಲ್ ಕಡೆಗೆ ಸಾಗುವ ಎಂಪೈರ್ ಬಿಲ್ಡರ್ ರೈಲು ಇಂದು ಬೆಳಗ್ಗೆ ಉತ್ತರ ಡಕೋಟಾದ ರಗ್ಬಿ ಎಂಬ ಪುಟ್ಟ ಊರಿನಲ್ಲಿ ಕೆಲವೇ ನಿಮಿಷ ನಿಂತಿತು. 1886ರಲ್ಲಿ ರೈಲುಮಾರ್ಗಗಳು ಕೂಡುವ ಜಾಗದಲ್ಲಿ ಹುಟ್ಟಿ, ಇಂಗ್ಲೆಂಡಿನ ರೈಲು ಜಂಕ್ಷನ್ನಾದ ರಗ್ಬಿಯ ಹೆಸರನ್ನೇ ಎರವಲು ಪಡೆದ ಈ ಊರಿನ ಜನಸಂಖ್ಯೆ ಇಂದಿಗೂ ಸುಮಾರು 2,500 ಮಾತ್ರ. ಆದರೂ ಉತ್ತರ ಅಮೆರಿಕ ಖಂಡದ ಭೌಗೋಳಿಕ ಕೇಂದ್ರ ತಾನೇ ಎಂದು ಸಾರುವ ಕಲ್ಲಿನ ಸ್ತಂಭವೊಂದನ್ನು ಅದು 1931ರಲ್ಲಿಯೇ ನಿಲ್ಲಿಸಿಕೊಂಡಿದೆ. 1971ರಲ್ಲಿ ಹೆದ್ದಾರಿಯನ್ನು ಅಗಲಗೊಳಿಸುವಾಗ ಆ ಸ್ತಂಭವನ್ನೇ ತುಸು ಸರಿಸಿದರು. ಖಂಡದ ನಡು ಮಾತ್ರ ಇದ್ದಲ್ಲಿಯೇ ಇತ್ತೆನ್ನಿ. ಅಷ್ಟು ದೊಡ್ಡ ಹೆಗ್ಗಳಿಕೆಯ ಊರಿನಲ್ಲಿ ಇಳಿದವರು ಅಜ್ಜಿಯೊಬ್ಬರು, ಅವರನ್ನು ಎದುರುಗೊಳ್ಳಲು ಬಂದವನು ಹುಡುಗನೊಬ್ಬ. ಅವರಿಬ್ಬರ ಹೊರತು ಆ ಹಳೆಯ ಇಟ್ಟಿಗೆಯ ನಿಲ್ದಾಣದ ಮುಂದೆ ನನಗೆ ಯಾರೂ ಕಾಣಲಿಲ್ಲ.