ಹೆಸರು ಬಿಟ್ಟು ಚೆಕ್ಕುಬಂದಿ ಹಿಡಿದಾಗ

ತುಮಕೂರಿನ ಮನೆಯಲ್ಲಿ ಕೂತು ಅಮೆರಿಕದವರ ವಂಶದ ಬೇರು ಹುಡುಕಿಕೊಡುವುದು ನನ್ನ ಕೆಲಸ. ಆರು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಸ್ಕ್ಯಾನ್ ಆಗಿ ಬಂದ ಜನಗಣತಿ ಹಾಳೆ, ಚರ್ಚಿನ ಪುಸ್ತಕ, ಜಮೀನಿನ ಕಡತ, ಕೋರ್ಟಿನ ರಿಜಿಸ್ಟರು ಓದಿ, ಇವರ ತಂದೆ ಇವರು, ಅವರ ಊರು ಇದು ಎಂದು ಆಧಾರ ಸಮೇತ ವರದಿ ಬರೆಯಬೇಕು. ಕಳೆದ ವರ್ಷ ಹಾಗೆ ಕೊಟ್ಟ ಒಂದು ವರದಿಯಲ್ಲಿ ನಾನು ಬೇರೆ ಯಾರದೋ ವಂಶವನ್ನು ತಂದು ಒಬ್ಬ ಹೆಂಗಸಿಗೆ ಒಪ್ಪಿಸಿಬಿಟ್ಟಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಆಕೆ ನೆಬ್ರಾಸ್ಕಾ ರಾಜ್ಯದವರು, ವಯಸ್ಸು ಎಪ್ಪತ್ತೈದು ದಾಟಿದೆ. ಅವರ ಮುತ್ತಜ್ಜ ಸ್ವೀಡನ್ನಿನಿಂದ ಬಂದು ಅಲ್ಲಿನ ಪೋಕ್ ಕೌಂಟಿಯಲ್ಲಿ ಹೋಂಸ್ಟೆಡ್ ಹಿಡಿದವರು. ಹೋಂಸ್ಟೆಡ್ ಅಂದರೆ ನಮ್ಮ ದರಖಾಸ್ತು ಜಮೀನಿನ ಹಾಗೆ ಎಂದುಕೊಳ್ಳಿ. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಕಾನೂನು ಅದು. ಕುಟುಂಬದ ಯಜಮಾನರಾಗಿದ್ದರೆ ಅಥವಾ 21 ವರ್ಷ ತುಂಬಿದ್ದರೆ, ಅಲ್ಲಿನ ಪ್ರಜೆಯಾಗಿದ್ದರೆ ಅಥವಾ ಪ್ರಜೆಯಾಗುತ್ತೇನೆ ಎಂದು ಕೋರ್ಟಿನಲ್ಲಿ ಬರೆದುಕೊಟ್ಟಿದ್ದರೆ, 160 ಎಕರೆವರೆಗೆ ಸರ್ಕಾರಿ ನೆಲಕ್ಕೆ ಅರ್ಜಿ ಹಾಕಬಹುದಿತ್ತು. ಗಂಡನಿಲ್ಲದ ಹೆಂಗಸರೂ ಹಾಕುತ್ತಿದ್ದರು. ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು ಬಿತ್ತು, ಸಾಕ್ಷಿ ಕರೆತಂದು ತೋರಿಸಿದರೆ ಹಕ್ಕುಪತ್ರ. ಸುಮಾರು 16 ಲಕ್ಷ ಮಂದಿಗೆ ಹೀಗೆ ಜಮೀನಾಯಿತು.

ನಾನು ಮೊದಲ ವರದಿ ಮಾಡಿದ್ದು ಹೆಸರು ಹಿಡಿದುಕೊಂಡು. ಆ ಮುತ್ತಜ್ಜನ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಮಂಜುನಾಥ ಇದ್ದಷ್ಟು ಸಾಮಾನ್ಯ ಹೆಸರು, ಕೊನೆಗೊಂದು ‘ಸನ್’. 1880ರ ಜನಗಣತಿಯಲ್ಲಿ ಅದೇ ಕೌಂಟಿಯಲ್ಲಿ ಅದೇ ಹೆಸರು ಸಿಕ್ಕಿತು. ವಯಸ್ಸಿನಲ್ಲಿ ಒಂದು ವರ್ಷ ಹೆಚ್ಚುಕಡಿಮೆ, ಹೆಂಡತಿ, ನಾಲ್ಕು ಮಕ್ಕಳು. ಅಲ್ಲಿಂದ ಮುಂದೆ ಎಲ್ಲವೂ ಸಲೀಸು. ಸ್ವೀಡನ್ನಿನ ವೆಸ್ಟರ್‌ಯೋಟ್‌ಲಾಂಡ್ ಸೀಮೆಯ ಒಂದು ಚರ್ಚಿನವರೆಗೆ ಹೋಗಿ ಐದು ತಲೆಮಾರು ಬರೆದುಕೊಟ್ಟೆ. ಅಷ್ಟು ಸಲೀಸಾಗಿ ಆಯಿತಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹತ್ತು ದಿನದ ಮೇಲೆ ಆಕೆಯ ಉತ್ತರ ಬಂತು. ಒಂದು ಗಡಸು ಮಾತಿಲ್ಲ. ಮನೆಯಲ್ಲಿ ಕಾಯ್ದಿಟ್ಟ ತಗಡಿನ ಡಬ್ಬಿಯಿಂದ ಒಂದು ಚೀಟಿ ತೆಗೆದು ಅದರ ಫೋಟೊ ಕಳಿಸಿದ್ದರು. ಭೂ ಕಚೇರಿಯವರು ಕೊಟ್ಟಿದ್ದ ಅಂತಿಮ ರಸೀದಿ, ಮಡಿಕೆಯಲ್ಲಿ ಸೀಳಿತ್ತು. ಅದರಲ್ಲಿ ಜಮೀನಿನ ವಿವರ: ಸೆಕ್ಷನ್ 22, ವಾಯವ್ಯ ಕಾಲುಭಾಗದ ಪಶ್ಚಿಮ ಅರ್ಧ, 80 ಎಕರೆ. ನಾನು ಬರೆದಿದ್ದ ಮನುಷ್ಯನ ಜಮೀನು ಸೆಕ್ಷನ್ 8ರಲ್ಲಿ, ಅದೂ ಬೇರೆ ಟೌನ್‌ಶಿಪ್ಪಿನಲ್ಲಿ. ಒಂದೇ ಹೆಸರಿನ ಇಬ್ಬರು ಒಂದೇ ಕೌಂಟಿಯಲ್ಲಿದ್ದರು. ನಿಮ್ಮ ಮನೆಯಲ್ಲಿ ಹಳೆಯ ಕಾಗದಪತ್ರ ಏನಾದರೂ ಇದೆಯೇ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಪೂರ್ತಿ ಕೇಳಿ, "ಅಲ್ಲಮ್ಮ, ಊರಲ್ಲಿ ನಾಲ್ಕು ಜನ ರಂಗಪ್ಪ ಇದ್ದರೆ ನಾವು ಹೆಸರು ನೋಡಿ ಪಹಣಿ ಕೊಡ್ತಿದ್ವಾ? ಸರ್ವೆ ನಂಬರ್ ನೋಡ್ತಿದ್ವಿ. ಅದಕ್ಕೂ ಗಲಾಟೆ ಬಂದ್ರೆ ಚೆಕ್ಕುಬಂದಿ ಓದ್ತಿದ್ವಿ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತ. ಮನುಷ್ಯನ ಹೆಸರು ಬದಲಾಗುತ್ತೆ, ಪಕ್ಕದ ಹೊಲ ಎಲ್ಲಿಗೆ ಹೋಗುತ್ತೆ?" ಅಂದರು.

ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವರ ಮಾತು. ಮರುದಿನ ಬೆಳಿಗ್ಗೆಯೇ ಹೆಸರನ್ನು ಪೂರ್ತಿ ಬದಿಗಿಟ್ಟು ನೆಲದಿಂದ ಶುರು ಮಾಡಿದೆ.

ಅಮೆರಿಕದ ಆ ಭಾಗದ ಅಳತೆ ಕಲಿಯುವುದಕ್ಕೆ ಅರ್ಧ ದಿನ ಸಾಕು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. ಸೆಕ್ಷನ್ನನ್ನು ನಾಲ್ಕು ಮಾಡಿದರೆ 160 ಎಕರೆಯ ಕಾಲುಭಾಗ. ಹಕ್ಕುಪತ್ರಗಳನ್ನು ಅಲ್ಲಿನ ಭೂ ನಿರ್ವಹಣಾ ಬ್ಯೂರೋದ ಜಾಲತಾಣದಲ್ಲಿ ಜಮೀನಿನ ವಿವರ ಹಾಕಿಯೇ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಹಕ್ಕುಪತ್ರದಲ್ಲಿ ಹೆಸರು, ನೆಲ, ತಾರೀಖು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ತಿರುಳು ಇರುವುದು ಅದರ ಹಿಂದಿನ ಕಡತದಲ್ಲಿ. ಮೂಲ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾತಿ ಭಂಡಾರದ ಸ್ವತ್ತು. ನೆಬ್ರಾಸ್ಕಾದ ಕಡತಗಳು ಸ್ಕ್ಯಾನ್ ಆಗಿರುವುದು ನಮ್ಮಂಥವರ ಪುಣ್ಯ.

160ರ ಬದಲು 80 ಎಕರೆ ಏಕೆ ಎಂಬುದು ಮೊದಲ ಪ್ರಶ್ನೆ. ರೈಲು ಕಂಪನಿಗಳಿಗೆ ಸರ್ಕಾರ ಹಳಿಯ ಎರಡೂ ಕಡೆ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ಬಿಟ್ಟುಕೊಟ್ಟಿತ್ತು. ಉಳಿದ ಸರಿ ಸಂಖ್ಯೆಯ ಸೆಕ್ಷನ್‌ಗಳಲ್ಲಿ, ಅಂತರ್ಯುದ್ಧದ ಸೈನಿಕರನ್ನು ಬಿಟ್ಟು ಬೇರೆಯವರಿಗೆ 1879ರವರೆಗೆ 80 ಎಕರೆ ಮಾತ್ರ ಸಿಗುತ್ತಿತ್ತು. ಅಂದರೆ ಈ ಮನುಷ್ಯ ರೈಲಿನ ಸೀಮೆಯೊಳಗೆ ಇದ್ದವರು, ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದವರಲ್ಲ. ಒಂದು ಅಂಕಿಯಿಂದ ಇಷ್ಟು ಗೊತ್ತಾಗುತ್ತದೆ.

ಕಡತ ತೆರೆದೆ. 1873ರ ಅರ್ಜಿ, 1880ರ ನವೆಂಬರಿನ ಹೇಳಿಕೆ. ಆ ಹೇಳಿಕೆಯ ಹಾಳೆ ನಮ್ಮ ಮಹಜರಿನ ಥರವೇ. ಅಚ್ಚಾದ ಪ್ರಶ್ನೆ, ಪಕ್ಕದಲ್ಲಿ ಗುಮಾಸ್ತರ ಕೈಬರಹ. ಯಾವಾಗ ಬಂದು ವಾಸಕ್ಕೆ ನಿಂತಿರಿ? ಮನೆ ಎಂಥದ್ದು? ಹುಲ್ಲುಬೇರಿನ ಮಣ್ಣು ಹೆಂಟೆ ಕತ್ತರಿಸಿ ಪೇರಿಸಿದ ಮನೆ, 14 ಅಡಿಗೆ 20 ಅಡಿ, ಒಂದು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ಎಷ್ಟು ಎಕರೆ ಉತ್ತಿದ್ದೀರಿ, ಎಷ್ಟು ಬೆಳೆ ತೆಗೆದಿರಿ? ಆ ಉತ್ತರದಲ್ಲಿ ಮಿಡತೆ ಬಂದ ವರ್ಷದ ಮಾತಿತ್ತು. 1874ರಲ್ಲಿ ಆ ಸೀಮೆಯ ಪೈರನ್ನೆಲ್ಲ ಮಿಡತೆ ತಿಂದು, ಹೊಟ್ಟೆಪಾಡಿಗೆ ಜಮೀನು ಬಿಟ್ಟು ಹೋದವರ ಹಕ್ಕು ತಪ್ಪದಂತೆ ಅಲ್ಲಿನ ಸಂಸತ್ತು ಕಾನೂನು ಮಾಡಬೇಕಾಯಿತು. ನಮ್ಮ ಮನುಷ್ಯ ಬಿಟ್ಟು ಹೋಗಿರಲಿಲ್ಲ. ಆ ಪುಟದ ಕೊನೆಯಲ್ಲಿ ಸಹಿಯಿದೆ, ನಿಧಾನಕ್ಕೆ ಅಕ್ಷರ ಅಕ್ಷರ ಕೂಡಿಸಿ ಬರೆದದ್ದು. ಅದರ ಮೇಲೆ ನಾನು ಎಷ್ಟು ಹೊತ್ತು ಕಣ್ಣಿಟ್ಟು ಕೂತಿದ್ದೆನೋ.

ಊರಿನ ಹೆಸರು ಮಾತ್ರ ಕಡತದಲ್ಲಿ ಇಲ್ಲ. ಪ್ರಜೆಯಾಗುತ್ತೇನೆಂದು 1870ರಲ್ಲಿ ಇಲಿನಾಯ್ಸ್ ರಾಜ್ಯದ ಕೋರ್ಟಿನಲ್ಲಿ ಬರೆದುಕೊಟ್ಟ ಪತ್ರದ ನಕಲಿತ್ತು. ಅದರಲ್ಲಿ ಸ್ವೀಡನ್ ಮತ್ತು ನಾರ್ವೆಯ ರಾಜನಿಗೆ ನಿಷ್ಠೆ ತೊರೆಯುತ್ತೇನೆ ಎಂದಿದೆ, ಅಷ್ಟೇ. 1906ಕ್ಕೆ ಮುಂಚಿನ ಈ ಪತ್ರಗಳಲ್ಲಿ ಹುಟ್ಟೂರು ಸಿಗುವುದು ಅಪರೂಪ.

ಆಗ ಚೆಕ್ಕುಬಂದಿಗೆ ಇಳಿದೆ. ಸಾಕ್ಷಿ ಒಪ್ಪಿಸುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂದು 1879ರಲ್ಲಿ ನಿಯಮ ಬಂದಿತ್ತು. ಆ ಪ್ರಕಟಣೆಯ ತುಣುಕು ಕಡತದಲ್ಲೇ ಅಂಟಿಸಿತ್ತು, ಅದರಲ್ಲಿ ನಾಲ್ಕು ನೆರೆಯವರ ಹೆಸರು. ನಾಲ್ವರಲ್ಲಿ ಇಬ್ಬರು ಬಂದು ಹೇಳಿಕೆ ಕೊಟ್ಟರೆ ಸಾಕು. ನಾವೆಲ್ಲ ಆ ಇಬ್ಬರನ್ನು ಓದಿ ಮುಂದೆ ಹೋಗುತ್ತೇವೆ. ಬಾರದೆ ಉಳಿದ ಇಬ್ಬರ ಗೊಡವೆಗೆ ಯಾರೂ ಹೋಗುವುದಿಲ್ಲ.

ನಾಲ್ವರ ಕಡತವನ್ನೂ ಪಟ್ಟಿಗೆ ಹಾಕಿಕೊಂಡು ಒಂದೊಂದೇ ತೆಗೆದೆ. ಮೊದಲನೆಯವರ ಕಡತದಲ್ಲಿ ನಮ್ಮ ಮನುಷ್ಯರೇ ಸಾಕ್ಷಿ. ಇವರನ್ನು ಎಷ್ಟು ವರ್ಷದಿಂದ ಬಲ್ಲಿರಿ ಎಂಬ ಪ್ರಶ್ನೆಗೆ, ಹನ್ನೆರಡು ವರ್ಷದಿಂದ, ಇಲಿನಾಯ್ಸಿನಲ್ಲಿ ಒಂದೇ ಚರ್ಚಿಗೆ ಹೋಗುತ್ತಿದ್ದೆವು ಎಂದು ಉತ್ತರ. ತಮ್ಮ ಕಡತದಲ್ಲಿ ಹೇಳದ ಮಾತನ್ನು ನೆರೆಯವರ ಕಡತದಲ್ಲಿ ಹೇಳಿಟ್ಟಿದ್ದರು! ಇಲಿನಾಯ್ಸಿನ ಸ್ವೀಡಿಶ್ ಲೂಥರನ್ ಚರ್ಚುಗಳ ಸದಸ್ಯರ ಪುಸ್ತಕಗಳಲ್ಲಿ ಹುಟ್ಟಿದ ದಿನ, ಹುಟ್ಟೂರಿನ ಚರ್ಚು, ಅಮೆರಿಕಕ್ಕೆ ಬಂದ ವರ್ಷ ಬರೆಯುವ ರೂಢಿಯಿತ್ತು. ರಾಕ್ ಐಲೆಂಡಿನಲ್ಲಿ ಆಗಸ್ಟಾನಾ ಕಾಲೇಜಿನ ಸ್ವೆನ್ಸನ್ ಕೇಂದ್ರ ಇಂಥ ಪುಸ್ತಕಗಳ ಮೈಕ್ರೋಫಿಲ್ಮ್ ಇಟ್ಟುಕೊಂಡಿದೆ. ನಮ್ಮವರು ಸಿಕ್ಕರು. ಸ್ಮೋಲಾಂಡ್ ಸೀಮೆ, ಬಂದದ್ದು 1868. ಸ್ವೀಡನ್ನಿಗೆ ದೊಡ್ಡ ಬರ ಬಿದ್ದ ವರ್ಷಗಳು ಅವು.

ಸ್ವೀಡನ್ನಿನಲ್ಲಿ ಪಾದ್ರಿಗಳು ಮನೆಮನೆಯವರ ಓದು, ಧರ್ಮಪಾಠ ಪರೀಕ್ಷಿಸಿ ಪುಸ್ತಕ ಇಡುತ್ತಿದ್ದರು. ಮನೆಗೊಂದು ಜಾಗ, ಯಾರು ಹುಟ್ಟಿದರು, ಯಾರು ಎಲ್ಲಿಗೆ ಹೋದರು, ಎಲ್ಲ ಅದರಲ್ಲಿದೆ. ಆ ಪುಟದಲ್ಲಿ ಒಬ್ಬ ಸಿಪಾಯಿಯ ಕುಟುಂಬ. ಸ್ವೀಡನ್ನಿನ ಹಳ್ಳಿಯವರಿಗೆ ಆಗ ಮನೆತನದ ಹೆಸರು ಇರುತ್ತಿರಲಿಲ್ಲ. ಪೀಟರನ ಮಗ ಪೀಟರ್‌ಸನ್, ಮಗಳಾದರೆ ಪೀಟರ್‌ಸ್‌ಡಾಟರ್. ಒಂದೇ ಪಡೆಯಲ್ಲಿ ಇಪ್ಪತ್ತು ಆಂಡರ್‌ಸನ್‌ಗಳಿದ್ದರೆ ಕೂಗುವುದು ಹೇಗೆಂದು ಸಿಪಾಯಿಗಳಿಗೆ ಬೇರೆ ಚಿಕ್ಕ ಹೆಸರು ಕೊಡುತ್ತಿದ್ದರು. ಸ್ಟಾರ್ಕ್ ಅಂದರೆ ಬಲಶಾಲಿ, ರಾಸ್ಕ್ ಅಂದರೆ ಚುರುಕು, ಮೋದಿಗ್ ಅಂದರೆ ಧೈರ್ಯವಂತ. ಈ ಸಿಪಾಯಿಗೂ ಅಂಥದೊಂದು ಹೆಸರು, ಇಬ್ಬರು ಗಂಡುಮಕ್ಕಳು. ಕಿರಿಯವರು ನಮ್ಮ ಮುತ್ತಜ್ಜ, ಅಪ್ಪನ ಹೆಸರಿಗೆ ‘ಸನ್’ ಸೇರಿಸಿಕೊಂಡವರು.

ಸಿಪಾಯಿಯ ಆ ಚಿಕ್ಕ ಹೆಸರನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಪತ್ರಿಕೆಯ ತುಣುಕಿಗೆ ಹಿಂತಿರುಗಿದೆ. ನಾಲ್ವರಲ್ಲಿ ಕೊನೆಯವರು, ಹೇಳಿಕೆ ಕೊಡಲು ಬಾರದವರು. ಅವರ ಜಮೀನು ಸೆಕ್ಷನ್ 22, ವಾಯವ್ಯ ಕಾಲುಭಾಗದ ಪೂರ್ವ ಅರ್ಧ. ಬದು ಹಂಚಿಕೊಂಡ ಪಕ್ಕದ ಹೊಲ!

ಅಣ್ಣ ಅಪ್ಪನ ಸಿಪಾಯಿ ಹೆಸರು ಇಟ್ಟುಕೊಂಡಿದ್ದರು, ತಮ್ಮ ಇಟ್ಟುಕೊಂಡಿರಲಿಲ್ಲ. ಒಂದೇ ಕಾಲುಭಾಗವನ್ನು ಇಬ್ಬರೂ 80 ಎಕರೆಯಂತೆ ಪಾಲು ಹಿಡಿದಿದ್ದರು. 1880ರ ಜನಗಣತಿಯಲ್ಲಿ ಯಜಮಾನನಿಗೆ ಏನಾಗಬೇಕು ಎಂಬ ಕಲಂ ಮೊದಲ ಬಾರಿಗೆ ಬಂದಿತ್ತು. ಅಣ್ಣನ ಮನೆಯ ಸಾಲಿನಲ್ಲಿ 71 ವರ್ಷದ ವಿಧವೆ ತಾಯಿ ಇದ್ದರು. ಸ್ಮೋಲಾಂಡಿನ ಪುಟದಲ್ಲಿರುವ ಸಿಪಾಯಿಯ ಹೆಂಡತಿಗೂ ಇವರಿಗೂ ಹೆಸರು, ವಯಸ್ಸು ಎರಡೂ ತಾಳೆಯಾದವು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಮನೆಯಲ್ಲೇ ಅಣ್ಣನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಊರ ಹೆಸರಿದೆ, ನನ್ನದರಲ್ಲಿ ಅಪ್ಪನ ಹೆಸರಿದೆ. ನೂರು ವರ್ಷದ ಮೇಲೆ ನಮ್ಮನ್ನು ಹೆಸರಿನಿಂದ ಹುಡುಕುವವರು ಇಬ್ಬರನ್ನೂ ಬೇರೆ ಬೇರೆ ಮನೆಯವರು ಎಂದುಕೊಳ್ಳುತ್ತಾರೆ.

ಎರಡನೇ ವರದಿಯಲ್ಲಿ ಇನ್ನೊಂದು ಪ್ಯಾರಾ ಸೇರಿಸಿದೆ, ಯಾರೂ ಕೇಳಿರಲಿಲ್ಲ. ಹಕ್ಕುಪತ್ರಗಳು ಆ ನೆಲದ ಮೊದಲ ಒಡೆಯ ಅಮೆರಿಕ ಸರ್ಕಾರ ಎಂದೇ ಶುರುವಾಗುತ್ತವೆ. ಪ್ಲಾಟ್ ನದಿಯ ದಕ್ಷಿಣಕ್ಕಿರುವ ಆ ನೆಲವನ್ನು ಪಾನೀ ಬುಡಕಟ್ಟಿನವರು 1833ರ ಒಪ್ಪಂದದಲ್ಲಿ ಬಿಟ್ಟುಕೊಟ್ಟರು, 1870ರ ದಶಕದಲ್ಲಿ ಅವರನ್ನು ಇಂದಿನ ಒಕ್ಲಹೋಮಾಕ್ಕೆ ಸಾಗಿಸಿದರು. ಒಂದು ಜಮೀನಿನ ಚರಿತ್ರೆ ಬರೆಯುವಾಗ ಇದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಈಗ ಪ್ರತಿ ಹೋಂಸ್ಟೆಡ್ ವರದಿಯಲ್ಲೂ ಬರೆಯುತ್ತೇನೆ.

ವರದಿ ಮುಟ್ಟಿದ ದಿನವೇ ಆಕೆ ವಿಡಿಯೊ ಕರೆ ಮಾಡಿದರು. ಆ ಅಣ್ಣನ ವಂಶದ ಹುಡುಗಿಯೊಬ್ಬಳು ಶಾಲೆಯಲ್ಲಿ ತಮ್ಮ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳಂತೆ. ಎರಡೂ ಮನೆಯವರು ಒಬ್ಬರನ್ನೊಬ್ಬರು ಹಳೆಯ ನೆರೆಯವರು ಎಂದಷ್ಟೇ ಬಲ್ಲವರು. ಅಣ್ಣನ ಕಡತವನ್ನೂ ಪೂರ್ತಿ ಓದಿ ಬರೆದುಕೊಡಿ ಎಂದರು.

ಅದನ್ನು ಹೋದ ವಾರ ಮುಗಿಸಿದೆ. ಜಮೀನಿನಲ್ಲಿ ಏನೇನು ಕಟ್ಟಿಕೊಂಡಿದ್ದೀರಿ ಎಂಬ ಪ್ರಶ್ನೆಗೆ ಮನೆ, ಕೊಟ್ಟಿಗೆ, ಜೋಳದ ಕಣಜ ಎಂದು ಬರೆದು, ಕೊನೆಗೆ ಗುಮಾಸ್ತರು ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು: ಬಾವಿ ಒಂದು, ಪಶ್ಚಿಮದ ನೆರೆಯವರೊಂದಿಗೆ ಜಂಟಿ.